ಒಂದು ತಂಬಿಗೆ ನೀರಿನ ಗಿಡ

ಏಪ್ರಿಲ್ ತಿಂಗಳ ನಡುಹಗಲು. ರಾಯಚೂರು ಕೋಟೆಯ ಕಲ್ಲುಗಳ ಮೇಲೆ ಕೈ ಇಡಲಾಗದಷ್ಟು ಬಿಸಿ. ಬೀದಿನಾಯಿಗಳು ಚರಂಡಿಯ ಪಕ್ಕದ ತೇವ ಹುಡುಕಿ ಮಲಗಿವೆ. ಅಂಗಡಿಯವರು ಅರ್ಧ ಬಾಗಿಲು ಎಳೆದುಕೊಂಡಿದ್ದಾರೆ. ಇಂಥ ಹೊತ್ತಿನಲ್ಲಿ ಹಳೆಯ ಓಣಿಗಳ ಯಾವುದಾದರೂ ಮನೆಯ ಅಂಗಳಕ್ಕೆ ಕಣ್ಣು ಹಾಯಿಸಿದರೆ ಹಸಿರು ಎಂದು ಕಾಣುವುದು ಬಹುಮಟ್ಟಿಗೆ ಒಂದೇ ಒಂದು ಗಿಡ. ಎದೆಮಟ್ಟದ ಕಟ್ಟೆಯ ಮೇಲೆ, ಎಲೆ ಸ್ವಲ್ಪ ಬಾಡಿಸಿಕೊಂಡು, ಆದರೂ ಜೀವ ಹಿಡಿದು ನಿಂತಿರುವ ತುಳಸಿ.

‘ನಮ್ಮ ಅಜ್ಜಿಯ ಕಾಲದ ತುಳಸಿ’ ಎಂದು ಅನೇಕ ಮನೆಗಳಲ್ಲಿ ಹೇಳುವುದುಂಟು. ಕಟ್ಟೆ ನಿಜಕ್ಕೂ ಅಜ್ಜಿಯ ಕಾಲದ್ದೇ ಇರಬಹುದು. ಗಿಡ ಮಾತ್ರ ಅಲ್ಲ. ತುಳಸಿ ಒಂದೇ ವರ್ಷಕ್ಕೆ ಸಾಯುವ ಗಿಡವಲ್ಲ. ಹಾಗೆಂದು ಬೇವಿನಂತೆ, ಹುಣಸೆಯಂತೆ ತಲೆಮಾರು ಕಾಣುವ ಗಿಡವೂ ಅಲ್ಲ. ಚೆನ್ನಾಗಿ ನೋಡಿಕೊಂಡರೆ ಎರಡು-ಮೂರು ವರ್ಷ, ಅಪರೂಪಕ್ಕೆ ಇನ್ನೂ ಸ್ವಲ್ಪ ಹೆಚ್ಚು ಬಾಳುತ್ತದೆ. ಆಮೇಲೆ ಬುಡ ಕಟ್ಟಿಗೆಯಾಗಿ, ಎಲೆ ಸಣ್ಣದಾಗಿ, ಒಂದು ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ. ಅದೇ ಕಟ್ಟೆಯಲ್ಲಿ ಅದರ ಬೀಜದಿಂದ ಹುಟ್ಟಿದ ಇನ್ನೊಂದು ಸಸಿ ಏಳುತ್ತದೆ. ಐವತ್ತು ವರ್ಷದ ಕಟ್ಟೆಯಲ್ಲಿ ಇಪ್ಪತ್ತು ಗಿಡಗಳಾದರೂ ಬಂದು ಹೋಗಿರುತ್ತವೆ.

ಹಾಗಾದರೆ ತುಳಸಿಯನ್ನು ‘ಸದಾ ಇರುವ ಗಿಡ’ ಮಾಡಿದ್ದು ಯಾವುದು? ಗಿಡದ ಗುಣ ಒಂದು ಪಾಲು. ಇನ್ನೊಂದು ಪಾಲು ದಿನವೂ ಬೆಳಿಗ್ಗೆ ಅದರ ಬುಡಕ್ಕೆ ಬೀಳುವ ಒಂದು ತಂಬಿಗೆ ನೀರು. ರಾಯಚೂರು, ದೇವದುರ್ಗ, ಮಾನ್ವಿಯಂಥ ಬಿಸಿಲಿನ ಊರುಗಳಲ್ಲಿ ಈ ಎರಡನೆಯ ಪಾಲು ಸಣ್ಣದೇನಲ್ಲ.

ಚೌಕ ಕಾಂಡದ ಬಳಗ

ತುಳಸಿಯ ಎಳೆಯ ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಉರುಳಿಸಿದರೆ ಅದು ದುಂಡಗಿಲ್ಲ, ನಾಲ್ಕು ಮೂಲೆಯ ಚೌಕವಾಗಿದೆ ಎಂಬುದು ತಿಳಿಯುತ್ತದೆ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿ ಹುಟ್ಟುತ್ತವೆ. ಹೂವು ಎರಡು ತುಟಿ ತೆರೆದಂತೆ ಕಾಣುತ್ತದೆ. ಒಂದು ಹೂವಿಗೆ ನಾಲ್ಕು ಪುಟ್ಟ ಬೀಜ. ಎಲೆ ಮುಟ್ಟಿದರೆ ಪರಿಮಳ. ಇವು ಪುದೀನ ಕುಟುಂಬದ ಗುರುತುಗಳು.

ಈ ಕುಟುಂಬ ನಮ್ಮ ಮನೆಯ ಸುತ್ತ ಎಷ್ಟು ಹರಡಿದೆ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಚಟ್ನಿಯ ಪುದೀನ, ಮಕ್ಕಳ ಕೆಮ್ಮಿಗೆ ರಸ ಹಿಂಡುವ ದೊಡ್ಡಪತ್ರೆ, ಹೂಮಾಲೆಯಲ್ಲಿ ಸೇರಿಸಿ ಕಟ್ಟುವ ಮರುಗ ಎಲ್ಲವೂ ತುಳಸಿಯ ನೆಂಟರೇ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಏಳುವ, ಶಿವನಿಗೆ ಪ್ರಿಯವೆಂದು ಏರಿಸುವ ಬಿಳಿಯ ತುಂಬೆ ಹೂವೂ ಇದೇ ಬಳಗದ್ದು. ರಾಯಚೂರಿನ ಮುಸ್ಲಿಂ ಮನೆಗಳಲ್ಲಿ ಬೇಸಿಗೆಯ ಶರಬತ್ತಿಗೆ ಹಾಕುವ ಸಬ್ಜಾ ಬೀಜ ಕಾಮಕಸ್ತೂರಿ ಗಿಡದ್ದು. ಅದಂತೂ ತುಳಸಿಗೆ ತೀರಾ ಹತ್ತಿರದ ಸಂಬಂಧಿ. ನೀರಿಗೆ ಬಿದ್ದ ಕೂಡಲೇ ಆ ಬೀಜ ಲೋಳೆಯ ಅಂಗಿ ತೊಟ್ಟು ಉಬ್ಬುತ್ತದೆ. ಬಿಸಿಲ ನಾಡಿನಲ್ಲಿ ಬೀಜ ತನ್ನ ಸುತ್ತ ತೇವ ಹಿಡಿದಿಟ್ಟುಕೊಳ್ಳುವ ಉಪಾಯವದು. ವಿಷ್ಣುವಿಗೆ ತುಳಸಿ, ಶಿವನಿಗೆ ತುಂಬೆ, ರಂಜಾನ್ ಸಂಜೆಯ ಲೋಟಕ್ಕೆ ಸಬ್ಜಾ. ಮನೆಗಳು ಬೇರೆಯಾದರೂ ಗಿಡಗಳ ಮನೆತನ ಒಂದೇ.

ಯೂರೋಪಿನ ತೋಟಗಳಲ್ಲಿ ಇದೇ ಕುಟುಂಬದ ಕ್ಯಾಟ್‌ಮಿಂಟ್ ಎಂಬ ಗಿಡಕ್ಕೆ ಬಹಳ ಹೆಸರು. ಅದರ ಒಂದು ಜಾತಿಯ ವಾಸನೆಗೆ ಬೆಕ್ಕುಗಳು ಮರುಳಾಗಿ ಗಿಡದ ಮೇಲೆ ಹೊರಳಾಡುತ್ತವೆ. ಆದ್ದರಿಂದಲೇ ಆ ಹೆಸರು. ಅಲ್ಲಿಯ ತೋಟಗಾರರು ಅದನ್ನು ಗಟ್ಟಿ ಬಹುವಾರ್ಷಿಕ ಎಂದು ಹೊಗಳುತ್ತಾರೆ. ಹಿಮ ಬೀಳುವ ತಿಂಗಳುಗಳಲ್ಲಿ ಮೇಲಿನ ಕಾಂಡವೆಲ್ಲ ಸತ್ತರೂ ಬೇರು ನೆಲದೊಳಗೆ ಜೀವ ಹಿಡಿದುಕೊಂಡು, ವಸಂತ ಬಂದಾಗ ಮತ್ತೆ ಚಿಗುರುತ್ತದೆ ಎಂಬುದು ಆ ಮಾತಿನ ಅರ್ಥ.

ತುಳಸಿಗೆ ಆ ಶಕ್ತಿಯಿಲ್ಲ. ಹಿಮ ಬಿದ್ದ ಒಂದೇ ರಾತ್ರಿಗೆ ಅದು ಕಪ್ಪಾಗುತ್ತದೆ. ಉತ್ತರ ಭಾರತದಲ್ಲಿ ಚಳಿಗಾಲದ ರಾತ್ರಿ ತುಳಸಿಗೆ ಬಟ್ಟೆ ಹೊದಿಸುವ ರೂಢಿ ಇರುವುದು ಇದೇ ಕಾರಣಕ್ಕೆ. ರಾಯಚೂರಿನಲ್ಲಿ ಹಿಮದ ಭಯವಿಲ್ಲ. ಇಲ್ಲಿ ಗಿಡಕ್ಕೆ ಪರೀಕ್ಷೆ ಒಡ್ಡುವುದು ಬೇಸಿಗೆ. ಮಾರ್ಚ್ ಕೊನೆಯ ಹೊತ್ತಿಗೆ ಉಷ್ಣಾಂಶ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಅದನ್ನು ದಾಟುತ್ತದೆ. ವರ್ಷದ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಅದೂ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ. ಅಲ್ಲಿ ಗಟ್ಟಿ ಗಿಡವೆಂದರೆ ಚಳಿಗಾಲ ದಾಟಿದ ಗಿಡ. ಇಲ್ಲಿ ಗಟ್ಟಿ ಗಿಡವೆಂದರೆ ಬೇಸಿಗೆ ದಾಟಿದ ಗಿಡ.

ದಾಸರ ಸೀಮೆ

ತುಳಸಿಗೂ ಈ ಭಾಗಕ್ಕೂ ಇರುವ ನಂಟು ಅಂಗಳಕ್ಕಷ್ಟೇ ಸೀಮಿತವಲ್ಲ. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ದೋಆಬ್ ಪ್ರದೇಶ 18ನೇ ಶತಮಾನದಲ್ಲಿ ಹರಿದಾಸ ಸಾಹಿತ್ಯದ ಎರಡನೆಯ ತವರಾಯಿತು. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯರಾದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ, ಮಾನ್ವಿಯಲ್ಲಿ ಬಾಳಿ, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ಗುರುವಿನ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಜಗನ್ನಾಥದಾಸರಿಗೆ ಧಾರೆ ಎರೆದರೆಂಬ ಐತಿಹ್ಯ ಈ ಭಾಗದ ಮನೆಮನೆಯಲ್ಲಿ ಇಂದಿಗೂ ಹೇಳಲ್ಪಡುತ್ತದೆ.

ದಾಸರ ದಿನಚರಿಯಲ್ಲಿ ತುಳಸಿ ಎಲ್ಲ ಕಡೆ ಇತ್ತು. ಕೊರಳಲ್ಲಿ ತುಳಸಿಮಣಿ, ನೈವೇದ್ಯದ ಮೇಲೆ ತುಳಸಿದಳ, ಅಂಗಳದಲ್ಲಿ ತುಳಸಿಕಟ್ಟೆ. ತುಳಸಿಯನ್ನು ಹಾಡಿ ಹೊಗಳಿದ ಕೀರ್ತನೆಗಳು ದಾಸ ಸಾಹಿತ್ಯದಲ್ಲಿ ಪುರಂದರದಾಸರಿಂದ ಹಿಡಿದು ಬೇಕಾದಷ್ಟು ಸಿಗುತ್ತವೆ. ಚಿನ್ನದ ಆಭರಣವಿಲ್ಲದ ಬಡವನೂ ಒಂದು ದಳದಿಂದ ದೇವರನ್ನು ಪೂಜಿಸಬಹುದು ಎಂಬ ಮಾತು ದಾಸರ ಮನೋಧರ್ಮಕ್ಕೆ ಚೆನ್ನಾಗಿ ಹೊಂದುವಂಥದು. ಮಾಧುಕರದಿಂದ ಬದುಕುವವನಿಗೆ ಕಾಸು ಖರ್ಚಿಲ್ಲದೆ ಅಂಗಳದಲ್ಲೇ ದೊರೆಯುವ ಪೂಜಾದ್ರವ್ಯ ಇದೊಂದೇ.

‘ಬೃಂದಾವನ’ ಎಂಬ ಪದದ ಬಳಕೆಯೂ ಗಮನಿಸತಕ್ಕದ್ದು. ವೃಂದಾ ಎಂದರೆ ತುಳಸಿ. ಆಕೆ ಇರುವ ಕಟ್ಟೆ ಬೃಂದಾವನ. ಮಾಧ್ವ ಯತಿಗಳ ಸಮಾಧಿಯ ಮೇಲೆ ಕಟ್ಟುವ ಕಲ್ಲಿನ ಪೀಠಕ್ಕೂ ಅದೇ ಹೆಸರು; ಅದರ ಆಕಾರವೂ ಮನೆಯಂಗಳದ ತುಳಸಿಕಟ್ಟೆಯನ್ನೇ ಹೋಲುತ್ತದೆ. ತುಂಗಭದ್ರೆಯ ಆಚೆ ದಡದ ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಬೃಂದಾವನಸ್ಥರಾದರು ಎಂದು ಹೇಳುವಾಗ ಜನ ಬಳಸುವುದು ಈ ಗಿಡದ ಹೆಸರಿನಿಂದ ಹುಟ್ಟಿದ ಪದವನ್ನೇ. ಮನೆಯ ಕಟ್ಟೆಯಲ್ಲಿ ಗಿಡ ಹೋಗಿ ಗಿಡ ಬರುತ್ತದೆ, ಸ್ಥಾನ ಮಾತ್ರ ಖಾಲಿಯಾಗುವುದಿಲ್ಲ.

ಕಟ್ಟೆಯೊಳಗಿನ ಜಾಣತನ

ಧಾರ್ಮಿಕ ಕಾರಣವನ್ನು ಬದಿಗಿಟ್ಟು ನೋಡಿದರೂ ತುಳಸಿಕಟ್ಟೆ ಒಳ್ಳೆಯ ತೋಟಗಾರಿಕೆಯ ಮಾದರಿ. ಈ ಜಿಲ್ಲೆಯ ದೊಡ್ಡ ಭಾಗ ಎರೆಭೂಮಿ. ಮಳೆ ಬಂದಾಗ ಎರೆಮಣ್ಣು ನೀರು ಕುಡಿದು ಅಂಟಾಗುತ್ತದೆ. ಬೇರಿಗೆ ಗಾಳಿ ಸಿಗದು. ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿಯುತ್ತದೆ. ತುಳಸಿಗೆ ಎರಡೂ ಆಗದು. ಒಣಗನ್ನು ಅದು ಸ್ವಲ್ಪ ದಿನ ತಡೆದೀತು, ಬುಡದಲ್ಲಿ ನಿಂತ ನೀರನ್ನು ತಡೆಯದು. ನೆಲದಿಂದ ಎತ್ತರಿಸಿದ ಕಟ್ಟೆಯಲ್ಲಿ ಬೇರೆ ಕಡೆಯಿಂದ ತಂದ ಮಸಾರಿ ಮಣ್ಣು ತುಂಬಿದರೆ ನೀರು ಬಸಿದು ಹೋಗುತ್ತದೆ. ಆಡು, ಕೋಳಿಗಳ ಕಾಟ ತಪ್ಪುತ್ತದೆ. ಕಾಲ್ತುಳಿತ ಇರುವುದಿಲ್ಲ. ಕಟ್ಟೆ ಮನೆಯ ಮುಂದೆಯೇ ಇರುವುದರಿಂದ ಗಿಡ ಬಾಡಿದ್ದು ಬಾಗಿಲಿನಿಂದಲೇ ಕಾಣುತ್ತದೆ.

ಸಂಪ್ರದಾಯದ ಕಟ್ಟಳೆಗಳಲ್ಲೂ ಗಿಡಕ್ಕೆ ಅನುಕೂಲವಾದವು ಇವೆ. ದ್ವಾದಶಿಯ ದಿನ ತುಳಸಿ ಕೀಳಬಾರದು, ಸಂಜೆಯ ಮೇಲೆ ಮುಟ್ಟಬಾರದು, ಉಗುರಿನಿಂದ ಚಿವುಟಿ ಗಾಯ ಮಾಡಬಾರದು ಎನ್ನುತ್ತಾರೆ ಹಿರಿಯರು. ದಿನವೂ ಎಲೆ ಕೀಳಿಸಿಕೊಳ್ಳುವ ಗಿಡಕ್ಕೆ ನಡುನಡುವೆ ಬಿಡುವು ಬೇಕು. ಕಟ್ಟಳೆ ಆ ಬಿಡುವನ್ನು ಕೊಡುತ್ತದೆ. ಪೂಜೆಗೆಂದು ಮಂಜರಿಯನ್ನು, ಅಂದರೆ ಹೂತೆನೆಯನ್ನು, ಬಿಡಿಸುವ ರೂಢಿಯಂತೂ ಗಿಡದ ಆಯುಷ್ಯವನ್ನೇ ಹೆಚ್ಚಿಸುತ್ತದೆ. ಬೀಜ ಕಟ್ಟಲು ಬಿಟ್ಟರೆ ತುಳಸಿ ತನ್ನ ಶಕ್ತಿಯನ್ನೆಲ್ಲ ಬೀಜಕ್ಕೆ ಸುರಿದು ಬೇಗ ಮುದಿಯಾಗುತ್ತದೆ. ತೆನೆ ತೆಗೆದರೆ ಪಕ್ಕದ ಕಣ್ಣುಗಳಿಂದ ಹೊಸ ಕವಲು ಒಡೆಯುತ್ತದೆ.

ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಮದುವೆಯ ಕಾಲವನ್ನೂ ಗಮನಿಸಬೇಕು. ಅಂದು ಕಟ್ಟೆಗೆ ಸುಣ್ಣ-ಕೆಮ್ಮಣ್ಣು ಬಳಿದು, ಕಾಯಿರುವ ನೆಲ್ಲಿಯ ಟೊಂಗೆಯನ್ನು ತುಳಸಿಯ ಪಕ್ಕ ನೆಟ್ಟು, ದೀಪ ಹಚ್ಚುತ್ತಾರೆ. ಮುಂಗಾರಿನಲ್ಲಿ ಹುಟ್ಟಿದ ಸಸಿ ಅಷ್ಟು ಹೊತ್ತಿಗೆ ಪೂರ್ತಿ ಬೆಳೆದು ತೆನೆ ಹೊತ್ತಿರುತ್ತದೆ. ಕೆಳಗಿನ ತೆನೆಗಳು ಕಂದುಬಣ್ಣಕ್ಕೆ ತಿರುಗಿ ಬೀಜ ಬಲಿತಿರುತ್ತದೆ. ಮುಂದಿನ ವರ್ಷಕ್ಕೆ ಬೀಜ ತೆಗೆದಿಡಲು ಇದಕ್ಕಿಂತ ತಕ್ಕ ಕಾಲ ಇನ್ನೊಂದಿಲ್ಲ. ಹಬ್ಬದ ಮರುದಿನ ನಾಲ್ಕಾರು ಒಣ ತೆನೆಗಳನ್ನು ಕಾಗದದಲ್ಲಿ ಕಟ್ಟಿ ಗೂಡಿನಲ್ಲಿಟ್ಟವರ ಅಂಗಳ ತುಳಸಿಯಿಲ್ಲದೆ ಬರಿದಾಗುವುದು ಕಡಿಮೆ.

ಎಂಟು ಕೊಡದ ಲೆಕ್ಕ

ಕಟ್ಟೆಯ ಗಿಡಕ್ಕೆ ಒಂದು ತೊಂದರೆಯೂ ಉಂಟು. ನೆಲದಲ್ಲಿ ಬೆಳೆದ ಗಿಡದ ಬೇರು ತೇವ ಹುಡುಕಿಕೊಂಡು ಆಳಕ್ಕೆ ಹೋಗಬಲ್ಲದು. ಕಟ್ಟೆಯ ಗಿಡಕ್ಕೆ ಹೋಗಲು ದಾರಿಯಿಲ್ಲ. ನಾಲ್ಕು ಗೋಡೆಯ ನಡುವಿನ ಒಂದೆರಡು ಬುಟ್ಟಿ ಮಣ್ಣೇ ಅದರ ಪ್ರಪಂಚ. ಬೇಸಿಗೆಯಲ್ಲಿ ಅದು ಪೂರ್ತಿ ಮನೆಯವರನ್ನೇ ನಂಬಿರಬೇಕು.

ಎಷ್ಟು ನೀರು ಬೇಕು? ತಂಬಿಗೆಯೊಂದಕ್ಕೆ ಸುಮಾರು ಒಂದು ಲೀಟರ್ ಎಂದು ಹಿಡಿದರೆ ಫೆಬ್ರುವರಿಯಿಂದ ಮೇವರೆಗಿನ ನಾಲ್ಕು ತಿಂಗಳಿಗೆ 120 ಲೀಟರ್. 15 ಲೀಟರಿನ ಕೊಡದ ಲೆಕ್ಕದಲ್ಲಿ ಎಂಟು ಕೊಡ. ಒಂದು ಗಿಡವನ್ನು ಬೇಸಿಗೆ ದಾಟಿಸಲು ಎಂಟು ಕೊಡ ನೀರು ಸಾಕು. ಕೇಳಲು ಇದು ಏನೂ ಅಲ್ಲ ಎನಿಸುತ್ತದೆ. ಆದರೆ ಆ ನೀರನ್ನು ಹೊತ್ತು ತರುವ ಹೆಂಗಸಿಗೆ ಅದು ಎಂಟು ಸಲದ ನಡಿಗೆ. ಸರತಿಯಲ್ಲಿ ಎಂಟು ಸಲ ಕಾಯುವುದು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಜಿಲ್ಲೆಯಲ್ಲಿ ನೀರಿಗೆ ಬರವೇಕೆ ಎಂದು ಹೊರಗಿನವರು ಕೇಳುವುದುಂಟು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ ಸೀಮೆಗೂ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗ ಸೀಮೆಗೂ ನೀರು ತಂದಿರುವುದು ನಿಜ. ಆದರೆ ಕಾಲುವೆಯ ಕೊನೆಯಂಚಿನ ಊರುಗಳಿಗೆ ನೀರು ಮುಟ್ಟುವುದು ಎಂದೂ ಖಾತ್ರಿಯ ವಿಷಯವಲ್ಲ. ಭತ್ತಕ್ಕೆ ನೀರು ನಿಲ್ಲಿಸಿದ ಕಡೆ ಕೆಲವು ಭೂಮಿ ಸವಳು-ಜವಳಾಗಿದೆ. ಅನೇಕ ಹಳ್ಳಿಗಳ ಬೋರ್‌ವೆಲ್ ನೀರು ಉಪ್ಪು. ಕೆಲವೆಡೆ ಫ್ಲೋರೈಡ್ ಬೆರೆತದ್ದು. ರಾಯಚೂರು ನಗರದಲ್ಲೇ 2022ರ ಬೇಸಿಗೆಯ ಕೊನೆಯಲ್ಲಿ ಕಲುಷಿತ ಕುಡಿಯುವ ನೀರಿನಿಂದ ಜನ ಕಾಯಿಲೆ ಬಿದ್ದು ಸಾವುಗಳು ಸಂಭವಿಸಿದವು. ಇಂಥ ಕಡೆ ಗಿಡಕ್ಕೆ ಹಾಕುವ ಒಂದು ತಂಬಿಗೆ ನೀರಿನ ಬಗ್ಗೆಯೂ ಯೋಚಿಸಬೇಕಾಗುತ್ತದೆ.

ಉಪ್ಪು ನೀರು ತುಳಸಿಗೆ ನಿಧಾನವಾಗಿ ತೊಂದರೆ ಕೊಡುತ್ತದೆ. ನೀರು ಆರಿದ ಮೇಲೆ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಕಟ್ಟೆಯ ಅಂಚಿನಲ್ಲಿ ಬಿಳಿಯ ಪದರ ಕಂಡರೆ, ಎಲೆಯ ತುದಿ ಸುಟ್ಟಂತೆ ಕಂದಾದರೆ ಅದೇ ಕಾರಣವಿರಬಹುದು. ಮೇಲಿನ ನಾಲ್ಕು ಬೆರಳು ಮಣ್ಣು ತೆಗೆದು ಹೊಸ ಮಣ್ಣು ಹಾಕುವುದು, ಮೊದಲ ಮಳೆಯ ನೀರನ್ನು ಕಟ್ಟೆಯ ಮೂಲಕ ಚೆನ್ನಾಗಿ ಬಸಿಯಲು ಬಿಡುವುದು ಇದಕ್ಕೆ ಸುಲಭದ ಪರಿಹಾರ. ದೇವರ ಅಭಿಷೇಕದ ನೀರನ್ನು ತುಳಸಿಗೆ ಹಾಕುವ ಹಳೆಯ ರೂಢಿ ನೀರಿನ ಮಿತವ್ಯಯದ ದೃಷ್ಟಿಯಿಂದಲೂ ಒಳ್ಳೆಯದೇ. ಒಂದೇ ನೀರು ಎರಡು ಕೆಲಸಕ್ಕೆ ಬಂದಂತಾಗುತ್ತದೆ. ಸಾಬೂನು ಬೆರೆತ ಬಚ್ಚಲ ನೀರನ್ನು ಮಾತ್ರ ಹಾಕಬಾರದು.

ಬೆಳೆಸುವ ಬಗೆ

ತುಳಸಿ ಹಚ್ಚಲು ಮಿರಗದ ಮಳೆಯ ಹೊತ್ತು, ಅಂದರೆ ಜೂನ್ ತಿಂಗಳು, ಅತ್ಯಂತ ಒಳ್ಳೆಯ ಕಾಲ. ಮಸಾರಿ ಮಣ್ಣು ಎರಡು ಪಾಲು, ಹಳೆಯ ತಿಪ್ಪೆಗೊಬ್ಬರ ಒಂದು ಪಾಲು, ಮರಳು ಅರ್ಧ ಪಾಲು ಬೆರೆಸಿದರೆ ಸಾಕು. ಎರೆಮಣ್ಣಲ್ಲದೆ ಬೇರೆ ಸಿಗದಿದ್ದರೆ ಮರಳು ಹೆಚ್ಚಿಸಬೇಕು. ಕಟ್ಟೆಯ ಅಡಿಯಲ್ಲಿ ನೀರು ಬಸಿಯಲು ತೂತು ಇದೆಯೇ ಎಂದು ಮೊದಲು ನೋಡಬೇಕು. ಸಿಮೆಂಟಿನ ಹೊಸ ಕಟ್ಟೆಗಳಲ್ಲಿ ಇದನ್ನು ಮರೆಯುವುದೇ ಹೆಚ್ಚು. ಮಳೆಗಾಲದಲ್ಲಿ ತುಳಸಿ ಕೊಳೆತು ಸಾಯಲು ಮುಖ್ಯ ಕಾರಣ ಇದು.

ಬೀಜ ಬಹಳ ಸಣ್ಣದು. ಒಂದು ಚಿಟಿಕೆಯಲ್ಲಿ ನೂರಾರು ಬರುತ್ತವೆ. ಒಣ ಮರಳಿನಲ್ಲಿ ಬೆರೆಸಿ ಮಣ್ಣಿನ ಮೇಲೆ ಉದುರಿಸಿ, ಕಂಡೂ ಕಾಣದಷ್ಟು ತೆಳ್ಳಗೆ ಮಣ್ಣು ಮುಚ್ಚಬೇಕು. ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ. ನೀರನ್ನು ಸುರಿಯದೆ ಕೈಯಿಂದ ಚಿಮುಕಿಸಬೇಕು. ಎಂಟು-ಹತ್ತು ದಿನಕ್ಕೆ ಮೊಳಕೆ ಕಾಣುತ್ತದೆ. ನಾಲ್ಕಾರು ಎಲೆ ಬಂದ ಮೇಲೆ ಗಟ್ಟಿ ಸಸಿಯೊಂದನ್ನು ಸಂಜೆ ಹೊತ್ತು ಕಟ್ಟೆಗೆ ಕಿತ್ತು ಹಚ್ಚಬೇಕು. ಗೇಣುದ್ದ ಬೆಳೆದಾಗ ತುದಿ ಚಿವುಟಿದರೆ ಗಿಡ ಪೊದೆಯಾಗುತ್ತದೆ.

ನೇರಳೆ ಛಾಯೆಯ ಕೃಷ್ಣ ತುಳಸಿ, ಹಸಿರು ಎಲೆಯ ಶ್ರೀ ತುಳಸಿ ಎರಡೂ ಒಂದೇ ಜಾತಿ. ಜೇನುಹುಳುಗಳು ಪರಾಗ ಬೆರೆಸುವುದರಿಂದ ಕೃಷ್ಣ ತುಳಸಿಯ ಬೀಜದಿಂದ ಹಸಿರು ಸಸಿ ಹುಟ್ಟಿದರೆ ಅಚ್ಚರಿಪಡಬೇಕಿಲ್ಲ. ಮನೆಯಲ್ಲಿರುವ ಗಿಡವೇ ಮುಂದುವರಿಯಬೇಕೆಂದರೆ ಹೂವಿಲ್ಲದ ಎಳೆಯ ಟೊಂಗೆಯನ್ನು ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಹಸಿ ಮರಳಿನಲ್ಲಿ ನೆರಳಿಗೆ ಇಡಬೇಕು. ಸುಮಾರು ಎರಡು ವಾರದಲ್ಲಿ ಬೇರೊಡೆಯುತ್ತದೆ. ಒಂದರ್ಥದಲ್ಲಿ ‘ಅಜ್ಜಿಯ ಕಾಲದ ತುಳಸಿ’ಯನ್ನು ನಿಜವಾಗಿ ಉಳಿಸಿಕೊಳ್ಳುವ ದಾರಿ ಇದೊಂದೇ.

ಬೇಸಿಗೆಯಲ್ಲಿ ಮೂರು ಎಚ್ಚರ ಸಾಕು. ಸೂರ್ಯ ಮೇಲೇರುವ ಮೊದಲೇ ಬುಡಕ್ಕೆ ನೀರು ಹಾಕುವುದು. ಮಣ್ಣಿನ ಮೇಲೆ ಒಣ ಎಲೆ ಅಥವಾ ಜೋಳದ ರವದಿ ಹೊದಿಸುವುದು. ಮಧ್ಯಾಹ್ನದ ಮೇಲಿನ ಬಿಸಿಲಿಗೆ ಹಳೆಯ ಸೀರೆಯ ತುಂಡೊಂದನ್ನು ಪಡುವಣ ದಿಕ್ಕಿಗೆ ಮರೆಯಾಗಿ ಕಟ್ಟುವುದು. ಎಲೆ ಮುರುಟಿ, ಕೆಳಗೆ ಕಪ್ಪು ಚುಕ್ಕೆಗಳು ಕಂಡರೆ ರಸ ಹೀರುವ ಸಣ್ಣ ತಿಗಣೆಯ ಕಾಟವೆಂದು ತಿಳಿಯಬೇಕು. ಕೆಟ್ಟ ಟೊಂಗೆ ಕತ್ತರಿಸಿ, ಬೇವಿನ ಬೀಜದ ಕಷಾಯವನ್ನು ಎಲೆಯ ಅಡಿಗೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಸಿಂಪಡಿಸಿದ ಎಲೆಯನ್ನು ಕೆಲವು ದಿನ ತಿನ್ನಬಾರದು.

ನಂಬಿಕೆ ಮತ್ತು ವಿಜ್ಞಾನ

ತುಳಸಿಯ ಬಗ್ಗೆ ಭಕ್ತಿಯಷ್ಟೇ ಅತಿಶಯೋಕ್ತಿಯೂ ಬೆಳೆದಿದೆ. ತುಳಸಿ ಹಗಲು ರಾತ್ರಿ ಆಮ್ಲಜನಕ ಬಿಡುತ್ತದೆ ಎಂಬುದು ಅವುಗಳಲ್ಲೊಂದು. ಇದು ಸರಿಯಲ್ಲ. ಇತರ ಹಸಿರು ಗಿಡಗಳಂತೆ ತುಳಸಿ ಆಮ್ಲಜನಕ ಬಿಡುವುದು ಬೆಳಕಿನಲ್ಲಿ ಮಾತ್ರ. ರಾತ್ರಿ ಅದೂ ನಮ್ಮಂತೆ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಒಂದು ಪುಟ್ಟ ಗಿಡದಿಂದ ಮನೆಯ ಗಾಳಿಯ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಆಗದು.

ನಿಜವಾದ ಸಂಗತಿಯೇ ಸಾಕಷ್ಟು ಸ್ವಾರಸ್ಯಕರವಾಗಿದೆ. ತುಳಸಿಯ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಯ ಚೀಲಗಳಿವೆ. ಮುಟ್ಟಿದಾಗ ಅವು ಒಡೆದು ಪರಿಮಳ ಬರುತ್ತದೆ. ಅದರಲ್ಲಿರುವ ಯುಜಿನಾಲ್ ಎಂಬ ವಸ್ತುವೇ ಲವಂಗದಲ್ಲೂ ಇರುವುದು. ತುಳಸಿ ಎಲೆ ಅಗಿದಾಗ ನಾಲಗೆ ಚುರುಗುಟ್ಟುವುದು ಅದರಿಂದ. ಗಿಡದ ಮಟ್ಟಿಗೆ ಈ ಎಣ್ಣೆ ಕೀಟಗಳನ್ನು ದೂರವಿಡುವ ಆಯುಧ. ಬೆಕ್ಕುಗಳು ಮೆಚ್ಚುವ ಕ್ಯಾಟ್‌ಮಿಂಟಿನ ವಾಸನೆಯ ಮೂಲ ಉದ್ದೇಶವೂ ಅದೇ. ಮೈಗೆ ಅಂಥ ಎಲೆ ಉಜ್ಜಿಕೊಂಡ ಬೆಕ್ಕಿಗೆ ಸೊಳ್ಳೆಯ ಕಾಟ ಕಡಿಮೆಯಾಗುತ್ತದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು ಇದೇ ಬಗೆಯ ಪರಿಮಳವಿರುವ ಇನ್ನೊಂದು ಬಳ್ಳಿಯ ಎಲೆಗಳಿಂದ 2021ರಲ್ಲಿ ತೋರಿಸಿದರು.

ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ‘ತೆಳು ಹೂವಿನದು’ ಎಂಬ ಅರ್ಥದ ಟೆನ್ಯುಫ್ಲೋರಮ್ ಎಂಬ ಹೆಸರು ಕೊಟ್ಟ. 1767ರಲ್ಲಿ ಅದೇ ಗಿಡಕ್ಕೆ ‘ಪವಿತ್ರ’ ಎಂಬ ಅರ್ಥದ ಸ್ಯಾಂಕ್ಟಮ್ ಎಂಬ ಇನ್ನೊಂದು ಹೆಸರನ್ನೂ ಕೊಟ್ಟ. ಮೊದಲಿನ ಹೆಸರೇ ಊರ್ಜಿತವೆಂಬ ನಿಯಮದಂತೆ ವಿಜ್ಞಾನದಲ್ಲಿ ಇಂದು ಉಳಿದಿರುವುದು ತೆಳು ಹೂವು. ಜನರ ಬಾಯಲ್ಲಿ ಉಳಿದಿರುವುದು ಪಾವಿತ್ರ್ಯ. 2015ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ತಂಡ ಮತ್ತು ಲಖನೌದ ಔಷಧೀಯ ಸಸ್ಯಗಳ ಸಂಸ್ಥೆಯ ತಂಡ ಪ್ರತ್ಯೇಕವಾಗಿ ತುಳಸಿಯ ವಂಶವಾಹಿಗಳ ಪೂರ್ಣ ನಕ್ಷೆಯನ್ನು ಪ್ರಕಟಿಸಿದವು. ಔಷಧಿ ಗುಣವುಳ್ಳ ವಸ್ತುಗಳನ್ನು ಗಿಡ ಹೇಗೆ ತಯಾರಿಸುತ್ತದೆ ಎಂಬ ಅಧ್ಯಯನಕ್ಕೆ ಇದರಿಂದ ದಾರಿಯಾಯಿತು. ನೆಗಡಿಗೆ ತುಳಸಿ ಕಷಾಯ ಹಿತವೆನಿಸಬಹುದು; ಜ್ವರ ಏರಿದವರಿಗೆ ಅದೇ ಸಾಕೆಂದು ಆಸ್ಪತ್ರೆ ತಪ್ಪಿಸುವುದು ಮಾತ್ರ ಅಪಾಯಕಾರಿ.

ಬೀಗ ಹಾಕಿದ ಮನೆಯ ತುಳಸಿ

ತುಳಸಿಯ ಸರಪಳಿ ಕಡಿಯುವುದು ನೀರಿನ ಕೊರತೆಯಿಂದ ಮಾತ್ರವಲ್ಲ. ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿ ಮತ್ತು ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಅನೇಕ ಕುಟುಂಬಗಳು ಬೆಂಗಳೂರು, ಪುಣೆ, ಹೈದರಾಬಾದಿನಂಥ ಊರುಗಳಿಗೆ ಗುಳೆ ಹೋಗುತ್ತವೆ. ಮಳೆ ಕೈಕೊಟ್ಟ ವರ್ಷ ಹೋಗುವವರ ಸಂಖ್ಯೆ ಹೆಚ್ಚು. ಕಟ್ಟಡದ ಕೆಲಸ, ಮಣ್ಣಿನ ಕೆಲಸ ಮಾಡಿಕೊಂಡು ಮುಂಗಾರಿನ ಹೊತ್ತಿಗೆ ಮರಳುತ್ತಾರೆ. ಮನೆಯಲ್ಲಿ ಮುದುಕರು ಉಳಿದರೆ ತುಳಸಿಗೆ ನೀರು ಬೀಳುತ್ತದೆ. ಎಲ್ಲರೂ ಹೋದರೆ ಬಾಗಿಲಿಗೆ ಬೀಗ ಬೀಳುತ್ತದೆ. ಬೇಸಿಗೆ ಎಂಬ ಪರೀಕ್ಷೆಗೆ ಗಿಡ ಒಂಟಿಯಾಗಿ ಕೂರಬೇಕಾಗುತ್ತದೆ. ಕೆಲವರು ಹೋಗುವ ಮುನ್ನ ಪಕ್ಕದ ಮನೆಯವರಿಗೆ ‘ತುಳಸವ್ವಗ ಒಂದ್ ತಂಬಿಗಿ ನೀರು ಹಾಕ್ರಿ’ ಎಂದು ಹೇಳಿ ಹೋಗುತ್ತಾರೆ. ಪಕ್ಕದ ಮನೆಗೂ ಬೀಗ ಬಿದ್ದಿದ್ದರೆ ಹೇಳುವುದು ಯಾರಿಗೆ?

ಪಟ್ಟಣದಲ್ಲೂ ಸ್ಥಿತಿ ಬೇರೆ ರೀತಿಯಲ್ಲಿ ಬದಲಾಗಿದೆ. ರಾಯಚೂರಿನ ಹೊಸ ಬಡಾವಣೆಗಳಲ್ಲಿ ಅಂಗಳವೇ ಕಿರಿದು; ಇರುವ ಅಂಗಳಕ್ಕೂ ಫರಸಿ ಇಲ್ಲವೆ ಟೈಲ್ಸ್. ತುಳಸಿ ಮಾಳಿಗೆಯ ಮೇಲಿನ ಕುಂಡಕ್ಕೋ, ಗೇಟಿನ ಬಳಿಯ ಗೇಣಗಲದ ಸಿಮೆಂಟು ಕಟ್ಟೆಗೋ ಸೇರಿಕೊಂಡಿದೆ. ಬಿಸಿಲಿಗೆ ಕಾದ ಸಿಮೆಂಟು ಸಂಜೆಯ ನಂತರವೂ ಬೇರನ್ನು ಕಾಯಿಸುತ್ತಲೇ ಇರುತ್ತದೆ. ಗಿಡ ಸತ್ತಾಗ ಸಂತೆಯಿಂದ ಇನ್ನೊಂದು ತಂದು ಹಚ್ಚುವುದು ಸುಲಭ. ಆದರೆ ಬೀಜ ತೆಗೆದಿಡುವ, ನೆರೆಮನೆಗೆ ಸಸಿ ಕೊಡುವ ರೂಢಿ ಒಮ್ಮೆ ತಪ್ಪಿದರೆ ಮತ್ತೆ ಕೂಡಿಸುವುದು ಅಷ್ಟು ಸುಲಭವಲ್ಲ.

ಗುಳೆಯಿಂದ ಮರಳಿದವರು ಒಣಗಿದಂತೆ ಕಾಣುವ ತುಳಸಿಯನ್ನು ಕೂಡಲೇ ಕಿತ್ತುಹಾಕಬೇಕಿಲ್ಲ. ಬುಡದ ಹತ್ತಿರ ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಬೇಕು. ಒಳಗೆ ಹಸಿರು ಕಂಡರೆ ಗಿಡ ಸತ್ತಿಲ್ಲ. ಒಣ ಟೊಂಗೆಗಳನ್ನು ಆ ಹಸಿರಿನವರೆಗೆ ಕತ್ತರಿಸಿ, ಮೊದಲ ದಿನ ತುಸುವೇ, ಆಮೇಲೆ ದಿನವೂ ನೀರು ಕೊಟ್ಟರೆ ಕೆಲವು ದಿನಗಳಲ್ಲಿ ಕಣ್ಣೊಡೆಯುತ್ತದೆ. ಒಳಗೂ ಕಂದಾಗಿದ್ದರೆ ಆ ಕಾಂಡವನ್ನು ಎಸೆಯದೆ ಮಣಿ ಮಾಡುವವರಿಗೆ ಕೊಡುವುದು, ದೇವರ ಗೂಡಿನಲ್ಲಿಡುವುದು ಹಿಂದಿನಿಂದ ಬಂದ ಪದ್ಧತಿ.

ಆದರೆ ಕಟ್ಟೆಯ ಮಣ್ಣನ್ನು ಮಾತ್ರ ತೋಡಿ ಚೆಲ್ಲಬಾರದು. ಕಾರ್ತಿಕದಲ್ಲಿ ಉದುರಿದ ಬೀಜ ಅದರೊಳಗೆ ಬೇಸಿಗೆ ಕಳೆದಿರುತ್ತದೆ. ಮಿರಗದ ಮಳೆ ಎರಡು ಸಲ ಚೆನ್ನಾಗಿ ಬಿದ್ದ ಮೇಲೆ ಒಂದು ವಾರ ಕಾದು ನೋಡಬೇಕು. ಸತ್ತ ಬುಡದ ಸುತ್ತ ಸಾಸಿವೆ ಗಾತ್ರದ ಎರಡೆರಡು ಎಲೆಗಳು ಎದ್ದಿರುತ್ತವೆ. ಅವುಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಓಣಿಯ ಇತರ ಮನೆಗಳಿಗೆ ಹಂಚಬಹುದು. ಮರುದಿನ ಬೆಳಿಗ್ಗೆಯಿಂದ ಒಂದು ತಂಬಿಗೆ ನೀರಿನ ಲೆಕ್ಕ ಮತ್ತೆ ಶುರು.